ದಾರಿ ಬಿಟ್ಟವರ ಋಣ

ಇಕ್ಕಟ್ಟಾದ ಕಾಲುಹಾದಿಯಲ್ಲಿ ಇಬ್ಬರು ಎದುರುಬದುರಾಗಿ ಬಂದರೆ ಪಕ್ಕಕ್ಕೆ ಸರಿಯತಕ್ಕವರು ಯಾರು? ಪ್ರಶ್ನೆಯು ಮೇಲ್ನೋಟಕ್ಕೆ ಬಹು ಅಲ್ಪವಾದುದು. ಆದರೆ ನಮ್ಮ ಹಿಂದಿನವರು ಇದನ್ನು ಅಲ್ಪವೆಂದು ತಳ್ಳಿಬಿಡಲಿಲ್ಲ. ಆಪಸ್ತಂಬನೇ ಮೊದಲಾದವರ ಧರ್ಮಸೂತ್ರಗಳಲ್ಲಿಯೂ, ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿಯೂ, ದಾರಿಯನ್ನು ಯಾರಿಗೆ ಬಿಟ್ಟುಕೊಡಬೇಕೆಂಬುದಕ್ಕೆ ಒಂದು ಕ್ರಮವು ಹೇಳಲ್ಪಟ್ಟಿದೆ. ಬಂಡಿಯ ಮೇಲೆ ಬರುವವನು, ಮುಪ್ಪಿನ ಕೊನೆಯನ್ನು ಮುಟ್ಟಿದವನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಇವರಿಗೆ ಉಳಿದವರು ದಾರಿ ಬಿಡಬೇಕು. ಅರಸ, ಸ್ನಾತಕ, ಮದುವಣಿಗ ಎಂಬ ಮರ್ಯಾದೆಯ ಹೆಸರುಗಳೂ ಆ ಪಟ್ಟಿಯಲ್ಲಿ ಉಂಟು. ಅಂತಸ್ತನ್ನು ನೋಡಿ ದಾರಿ ಬಿಡುವ ಆ ಕಾಲದ ನಡವಳಿಕೆಯನ್ನು ನಾವು ಇಂದು ಒಪ್ಪಬೇಕಾಗಿಲ್ಲ. ಅವುಗಳನ್ನು ಬದಿಗಿಟ್ಟು ಉಳಿದ ಹೆಸರುಗಳನ್ನು ವಿಚಾರಿಸಿದರೆ ಅವುಗಳ ಹಿಂದೆ ಒಂದು ವಿವೇಕವು ತೋರುತ್ತದೆ. ತಲೆಯ ಮೇಲೆ ಹೊರೆಯಿದ್ದವನಿಗೆ ಸರಿಯುವುದು ಕಷ್ಟ, ಬರಿಗೈಯವನಿಗೆ ಸುಲಭ. ಬಂಡಿಗೆ ದಾರಿ ದೊರೆತದ್ದೂ ಅದು ವೇಗವಾಗಿ ಓಡುವುದೆಂದಲ್ಲ, ಅದನ್ನು ಹಾದಿಯಿಂದ ಇಳಿಸಿ ಮತ್ತೆ ಹತ್ತಿಸುವುದು ಪ್ರಯಾಸವೆಂದೇ ಇರಬೇಕೆಂದು ನಮಗೆ ತೋರುತ್ತದೆ. ಯಾರಿಗೆ ಸರಿಯುವುದು ಕಷ್ಟವೋ ಅವರಿಗೆ ದಾರಿ. ಯಾರಿಗೆ ಸುಲಭವೋ ಅವರು ಸರಿಯತಕ್ಕದ್ದು. ಇದು ಆ ವಿವೇಕದ ಸಾರ.

ಈ ಹಳೆಯ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವುಂಟು. ನಮ್ಮ ವಿರೂಪಾಕ್ಷಿಪುರವು ಚನ್ನಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ರಾಗಿ, ತೆಂಗು, ಮಾವು, ಹಿಪ್ಪುನೇರಳೆಗಳನ್ನು ನಂಬಿದ ಸೀಮೆ. ಬೆಂಗಳೂರಿಗೆ ಹೊರಟವರು ಚನ್ನಪಟ್ಟಣಕ್ಕೆ ಬಂದು ಮೈಸೂರು ರಸ್ತೆಯನ್ನು ಹಿಡಿಯುವುದು ಹಿಂದಿನಿಂದ ಬಂದ ವಾಡಿಕೆ. ಆ ಹಳೆಯ ರಸ್ತೆಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪೇಟೆಗಳ ನಡುವೆಯೇ ಹಾದುಹೋಗುತ್ತಿದ್ದಿತು. ೨೦೨೩ನೆಯ ಇಸವಿ ಮಾರ್ಚಿ ೧೨ರಂದು, ಸುಮಾರು ೧೧೮ ಕಿಲೋಮೀಟರು ಉದ್ದದ, ಸುಮಾರು ೮,೪೮೦ ಕೋಟಿ ರೂಪಾಯಿ ವೆಚ್ಚದ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ಪ್ರಾರಂಭೋತ್ಸವವು ಮಂಡ್ಯ ಜಿಲ್ಲೆಯಲ್ಲಿ ನಡೆಯಿತು. ನಡುವೆ ಆರು ಸಾಲು, ಎರಡು ಬದಿಗೂ ಎರಡೆರಡು ಸಾಲಿನ ಸರ್ವೀಸ್ ರಸ್ತೆ, ಹೀಗೆ ಹತ್ತು ಸಾಲು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಊರುಗಳನ್ನೆಲ್ಲ ಹೊರಗಿನಿಂದಲೇ ಬಳಸಿಕೊಂಡು ಅಥವಾ ಮೇಲಿನಿಂದ ದಾಟಿಕೊಂಡು ಅದು ಹೋಗುತ್ತದೆ.

ಕೆಲವು ತಿಂಗಳುಗಳ ಹಿಂದೆ ನಾವು ಹಳೆಯ ರಸ್ತೆಯ ಬದಿಯಲ್ಲಿ, ಗೊಂಬೆಗಳ ಅಂಗಡಿಯೊಂದರ ಮುಂದೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆವು. ಆಲೆಮರವನ್ನು ಕಡೆದು ಅರಗಿನ ಬಣ್ಣವನ್ನು ಕೂಡಿಸಿದ ಆನೆ, ಕುದುರೆ, ಬುಗುರಿಗಳು ಸಾಲಾಗಿ ಕುಳಿತಿದ್ದುವು. ವಯಸ್ಸಾದ ಅಂಗಡಿಯವರು ಅವುಗಳ ಮೇಲಿನ ಧೂಳನ್ನು ಒರೆಸುತ್ತಿದ್ದರು. “ಹೊಸ ರಸ್ತೆ ಚೆನ್ನಾಗಿದೆಯೇ ಯಜಮಾನರೆ?” ಎಂದು ಮಾತಿಗೆ ತೆಗೆದೆವು. “ಚೆನ್ನಾಗಿಲ್ಲದೆ ಏನು ಸ್ವಾಮಿ, ಕನ್ನಡಿ ಇದ್ದ ಹಾಗಿದೆ. ಆದರೆ ಅದು ನಮ್ಮೂರಿಗೆ ಬಂದ ರಸ್ತೆಯಲ್ಲ, ನಮ್ಮೂರನ್ನು ಬಿಟ್ಟುಹೋದ ರಸ್ತೆ. ಮೊದಲು ಕಾರಿನವರು ದಾರಿ ಸಿಗದೆ ಇಲ್ಲಿ ನಿಲ್ಲುತ್ತಿದ್ದರು, ಮಕ್ಕಳು ಕಿಟಕಿಯಿಂದ ಗೊಂಬೆ ನೋಡಿ ಅಳುತ್ತಿದ್ದವು, ಎರಡು ಕಾಸು ಆಗುತ್ತಿತ್ತು. ಈಗ ಯಾರೂ ಅಳುವುದಿಲ್ಲ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಸ್ವಲ್ಪ ಹೊತ್ತು ತಡೆದು, “ನಮ್ಮನ್ನು ಯಾರೂ ಕೇಳಲಿಲ್ಲ, ಅಷ್ಟೇ” ಎಂದು ಸೇರಿಸಿದರು.

ಆ ಕೊನೆಯ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಏಕೆಂದರೆ ಆ ಹೊಸ ರಸ್ತೆಯಿಂದ ಲಾಭವನ್ನು ಪಡೆದವರಲ್ಲಿ ನಾವೂ ಒಬ್ಬರು. ಮಗನ ಮನೆ ಬೆಂಗಳೂರಿನಲ್ಲಿದೆ. ಮೊದಲು ಅರ್ಧ ದಿನವನ್ನು ನುಂಗುತ್ತಿದ್ದ ಪ್ರಯಾಣವು ಈಗ ಬೆಳಗಿನ ಕಾಫಿಗೂ ಊಟಕ್ಕೂ ನಡುವೆ ಮುಗಿಯುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆಯ ಪ್ರಯಾಣವು ಸುಮಾರು ಎಪ್ಪತ್ತೈದು ನಿಮಿಷಕ್ಕೆ ಇಳಿಯುವುದೆಂದು ಸರ್ಕಾರದವರು ಹೇಳಿದ್ದರು. ಹೆದ್ದಾರಿಯ ಮಟ್ಟಿಗೆ ಆ ಮಾತು ಬಹುಮಟ್ಟಿಗೆ ನಿಜವಾಗಿದೆ. ಮಂಡ್ಯದಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ರೋಗಿಗೆ ಆ ಉಳಿದ ಒಂದು ಗಂಟೆಯು ಪ್ರಾಣವೇ ಆಗಬಹುದು. ಹಳೆಯ ರಸ್ತೆಯ ಇಕ್ಕಟ್ಟನ್ನು ಹೊಗಳಿ, ಹೊಸದನ್ನು ತೆಗಳಿ, ಕಳೆದ ಕಾಲಕ್ಕೆ ಕಣ್ಣೀರಿಡುವುದು ಈ ಲೇಖನದ ಉದ್ದೇಶವಲ್ಲ. ರಸ್ತೆ ಬೇಕು. ಬೇಕೆಂಬುದರಿಂದಲೇ ಪ್ರಶ್ನೆಯು ಹುಟ್ಟುವುದು: ಒಬ್ಬರ ಅವಸರಕ್ಕಾಗಿ ಮತ್ತೊಬ್ಬರು ಪಕ್ಕಕ್ಕೆ ಸರಿಯಬೇಕಾದಾಗ ಸರಿಸುವವರ ಧರ್ಮವೇನು?

ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ, ನಗರವೊಂದು ತನ್ನ ವಾಹನಗಳ ಒತ್ತಡವನ್ನು ತಗ್ಗಿಸಲು ರಸ್ತೆಯನ್ನು ಹೇಗೆ ಯೋಚಿಸುತ್ತದೆ, ಅದಕ್ಕೆ ಹಣವನ್ನು ಹೇಗೆ ಕೂಡಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನಮ್ಮ ಸೀಮೆಯ ರಸ್ತೆಗಳು ನಮ್ಮಲ್ಲಿದ್ದರೂ ಅವುಗಳ ಯೋಚನೆಯು ಬಹುಮಟ್ಟಿಗೆ ಬೆಂಗಳೂರಿನ ಒತ್ತಡದಿಂದಲೇ ಹುಟ್ಟಿದುದು. ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರವೆಂದು ಹೆಸರಾದ ನಮ್ಮ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ವೆಂದು ಹೆಸರಿಡಲು ರಾಜ್ಯದ ಮಂತ್ರಿಮಂಡಲವು ೨೦೨೫ರಲ್ಲಿ ಒಪ್ಪಿಗೆ ಕೊಟ್ಟಿತೆಂಬುದೂ ಇದೇ ಸಂಬಂಧದ ಗುರುತು. ಆ ನಗರದ ನಕ್ಷೆಯ ಕಥೆಯು ವಿಚಿತ್ರವಾದುದು. ೨೦೧೫ರವರೆಗೆಂದು ಸಿದ್ಧಪಡಿಸಿದ ಮಹಾಯೋಜನೆಯು ೨೦೦೭ರಲ್ಲಿ ಮಂಜೂರಾಯಿತು. ೨೦೩೧ರವರೆಗಿನ ಮುಂದಿನ ಯೋಜನೆಯ ಕರಡು ೨೦೧೭ರಲ್ಲಿ ಹೊರಬಂದು ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟಿತು. ಒಟ್ಟು ನಕ್ಷೆಯು ಹೀಗೆ ತಡೆದು ನಿಂತಿರುವಾಗ, ಮೇಲ್ಸೇತುವೆ, ಸುರಂಗ, ವರ್ತುಲ ರಸ್ತೆಗಳು ಒಂದೊಂದಾಗಿ, ಬೇರೆ ಬೇರೆ ಕಚೇರಿಗಳಿಂದ, ಬೇರೆ ಬೇರೆ ಹಣದ ಮೂಲಗಳೊಡನೆ ಬರುತ್ತವೆ. ಮನೆಯ ನಕ್ಷೆಯನ್ನು ಮುಗಿಸುವ ಮೊದಲೇ ಒಂದೊಂದು ಬಾಗಿಲನ್ನು ಇಟ್ಟಂತೆ ಇದು.

ಒಂದು ರಸ್ತೆಯು ಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವ ಲೆಕ್ಕವು ಹೀಗಿರುತ್ತದೆ. ಮೊದಲು ಈಗಿನ ವಾಹನಗಳನ್ನು ಎಣಿಸುತ್ತಾರೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಅವು ಎಷ್ಟಾಗುವುವೆಂದು ಊಹಿಸುತ್ತಾರೆ. ಹೊಸ ರಸ್ತೆಯಿಂದ ಪ್ರತಿಯೊಂದು ವಾಹನಕ್ಕೆ ಎಷ್ಟು ನಿಮಿಷ ಉಳಿಯುವುದು, ಎಷ್ಟು ಎಣ್ಣೆ ಉಳಿಯುವುದು ಎಂಬುದನ್ನು ಕಂಡುಹಿಡಿದು, ಆ ನಿಮಿಷಗಳಿಗೆ ರೂಪಾಯಿಯ ಬೆಲೆಯನ್ನು ಕಟ್ಟಿ ಕೂಡಿಸುತ್ತಾರೆ. ಆ ಮೊತ್ತವು ವೆಚ್ಚಕ್ಕಿಂತ ಹೆಚ್ಚಾದರೆ ರಸ್ತೆಯು ಯೋಗ್ಯವೆಂದು ತೀರ್ಮಾನವಾಗುತ್ತದೆ. ಲೆಕ್ಕವು ಶುದ್ಧವಾಗಿಯೇ ಇರುತ್ತದೆ. ತಪ್ಪು ಹುಡುಕಬೇಕಾದರೆ ಕೂಡಿಸಿದ್ದರಲ್ಲಲ್ಲ, ಬಿಟ್ಟದ್ದರಲ್ಲಿ ಹುಡುಕಬೇಕು.

ಕಾಲಕ್ಕೆ ಬೆಲೆ ಕಟ್ಟುವುದು ಹೇಗೆ? ಮನುಷ್ಯನ ಸಂಪಾದನೆಯನ್ನು ನೋಡಿ ಕಟ್ಟುತ್ತಾರೆ. ೧೯೩೪ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಈ ಲೆಕ್ಕಕ್ಕಾಗಿ ಹೊರಡಿಸಿರುವ ಕೈಪಿಡಿಯಲ್ಲಿಯೂ ಕಾರಿನಲ್ಲಿ ಕುಳಿತವನ ಒಂದು ಗಂಟೆಗೆ ಸಾಧಾರಣ ಬಸ್ಸಿನಲ್ಲಿ ಕುಳಿತವನ ಒಂದು ಗಂಟೆಗಿಂತ ಹೆಚ್ಚು ಬೆಲೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಸಮಾಧಾನವುಂಟು. ಆದರೆ ಧರ್ಮದ ದೃಷ್ಟಿಯಿಂದ ನೋಡಿದರೆ, ಅಂತಸ್ತನ್ನು ನೋಡಿ ದಾರಿ ಬಿಡುವ ಹಳೆಯ ಪದ್ಧತಿಯೇ ಅಂಕಿಗಳ ವೇಷದಲ್ಲಿ ಮರಳಿ ಬಂದಿತಲ್ಲವೆ? ನಮ್ಮ ಹೋಬಳಿಯ ರೈತನು ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕು. ಗೂಡಿನೊಳಗಿನ ಹುಳು ಯಾರಿಗಾಗಿಯೂ ಕಾಯುವುದಿಲ್ಲ. ಚಿಟ್ಟೆಯಾಗಿ ಗೂಡನ್ನು ಕೊರೆದು ಹೊರಬಂದರೆ ನೂಲು ಹೋಯಿತು, ತಿಂಗಳ ದುಡಿತವೂ ಹೋಯಿತು. ಅವನ ಒಂದು ಗಂಟೆಗೆ ಕಡಿಮೆ ಬೆಲೆಯೆಂದು ಹೇಳುವವರು ಯಾರು? ಇನ್ನು ಹೊಲವು ರಸ್ತೆಯ ಆಚೆ, ಮನೆಯು ಈಚೆ ಆದವನು ಸುತ್ತಿಬರುವ ದೂರವು ಅಂಥ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಪಾದಚಾರಿಗಳು ದಾಟುವುದಕ್ಕೆ ಇನ್ನಷ್ಟು ಮೇಲ್ಸೇತುವೆಗಳು ಬೇಕೆಂಬ ಕೂಗು ನಮ್ಮ ಕಡೆ ಎದ್ದುದು ರಸ್ತೆಯು ತೆರೆದ ಮೇಲೆ. ನೀರಿನ ಮಾತೂ ಹಾಗೆಯೇ: ೨೦೨೨ರ ಆಗಸ್ಟಿನ ಮಳೆಯಲ್ಲಿ, ಇನ್ನೂ ಉದ್ಘಾಟನೆಯಾಗದಿದ್ದ ಈ ಹೆದ್ದಾರಿಯು ರಾಮನಗರದ ಬಳಿ ಹೊಳೆಯಾಯಿತು. ನೀರಿಗೂ ಒಂದು ದಾರಿಯುಂಟೆಂಬುದು ಅಂದು ಎಲ್ಲರಿಗೂ ನೆನಪಿಗೆ ಬಂದಿತು.

ಇನ್ನು ಹಣದ ವಿಚಾರ. ೮,೪೮೦ ಕೋಟಿ ರೂಪಾಯಿಯು ಒಂದೇ ಬೊಕ್ಕಸದಿಂದ ಒಂದೇ ದಿನ ಬರುವುದಲ್ಲ. ಈ ಹೆದ್ದಾರಿಯನ್ನು ಕಟ್ಟಿದ ಕ್ರಮದಲ್ಲಿ, ಕೆಲಸ ನಡೆಯುವಾಗ ಶೇಕಡಾ ೪೦ ಭಾಗವನ್ನು ಸರ್ಕಾರವು ಕೊಡುತ್ತದೆ. ಉಳಿದ ೬೦ ಭಾಗವನ್ನು ಗುತ್ತಿಗೆದಾರನು ತಾನೇ ಹೊಂದಿಸಿ ತರುತ್ತಾನೆ. ಆ ಭಾಗವನ್ನು ಸರ್ಕಾರವು ಬಡ್ಡಿಯೊಡನೆ ಹದಿನೈದು ವರ್ಷಗಳ ಕಂತುಗಳಲ್ಲಿ ತೀರಿಸುತ್ತದೆ. ರಸ್ತೆಯಲ್ಲಿ ವಸೂಲಾಗುವ ಟೋಲು ಸುಂಕವು ಸರ್ಕಾರದ ಕಡೆಗೆ ಸೇರುತ್ತದೆ. ಉದ್ಘಾಟನೆಯಾದ ಎರಡನೆಯ ದಿನ, ಎಂದರೆ ೨೦೨೩ರ ಮಾರ್ಚಿ ೧೪ರಿಂದಲೇ, ಬೆಂಗಳೂರಿನಿಂದ ನಿಡಘಟ್ಟದವರೆಗಿನ ಭಾಗದಲ್ಲಿ ಸುಂಕವು ಪ್ರಾರಂಭವಾಯಿತು; ಕಾರೊಂದಕ್ಕೆ ಒಂದು ದಿಕ್ಕಿನ ಪ್ರಯಾಣಕ್ಕೆ ಆಗ ೧೩೫ ರೂಪಾಯಿ. ಇದಲ್ಲದೆ, ಪೆಟ್ರೋಲು ಡೀಸೆಲುಗಳ ಪ್ರತಿಯೊಂದು ಲೀಟರಿನ ಮೇಲೂ ರಸ್ತೆಗಾಗಿ ಉಪಕರವುಂಟು. ರಸ್ತೆಗೆ ಹಣವನ್ನು ಕೊಡುವವರು ಯಾರೆಂದು ಕೇಳಿದರೆ, ಅದರ ಮೇಲೆ ಓಡಾಡುವವರು ಮಾತ್ರವಲ್ಲ, ಎಂದೂ ಅದರ ಮೇಲೆ ಕಾಲಿಡದವರೂ ಕೊಡುತ್ತಾರೆ ಎಂಬುದೇ ಉತ್ತರ.

ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ ೨೦೨೩ರ ಆಗಸ್ಟ್ ೧ರ ನಿಯಮವನ್ನು ನೋಡಬೇಕು. ಅಂದಿನಿಂದ ಹೆದ್ದಾರಿಯ ನಡುಭಾಗದ ಮೇಲೆ ಬೈಕು, ಸ್ಕೂಟರು, ಆಟೋರಿಕ್ಷಾ, ಟ್ರಾಕ್ಟರು, ಎತ್ತಿನ ಬಂಡಿ ಮುಂತಾದವು ಸಂಚರಿಸಕೂಡದು. ಈ ನಿಯಮವನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ಬೈಯುವುದು ಸುಲಭ. ಆದರೆ ಹಾಗೆ ಮಾಡುವುದು ಸತ್ಯಕ್ಕೆ ಅಪಚಾರ. ರಸ್ತೆಯು ತೆರೆದ ಮೊದಲ ತಿಂಗಳುಗಳಲ್ಲಿ ಅಪಘಾತಗಳಿಂದ ಸತ್ತವರು ಬಹು ಮಂದಿ. ನಿಷೇಧವೂ ವೇಗವನ್ನು ಅಳೆಯುವ ಕ್ಯಾಮರಾಗಳೂ ಬಂದ ಮೇಲೆ ಸಾವುಗಳು ಬಹಳವಾಗಿ ಇಳಿದುವು. ಬದುಕಿದವರಲ್ಲಿ ಬೈಕಿನವರೂ ಉಂಟು. ಸರ್ವೀಸ್ ರಸ್ತೆಯಲ್ಲಿ ಅವರು ಸುಂಕವಿಲ್ಲದೆ ಹೋಗಬಹುದು. ಇಷ್ಟನ್ನೂ ಒಪ್ಪೋಣ. ಒಪ್ಪಿದ ಮೇಲೂ ಒಂದು ಸಂಗತಿಯು ಉಳಿಯುತ್ತದೆ: ಸ್ಕೂಟರಿನ ಮೇಲೆ ಹಾಲಿನ ಕ್ಯಾನನ್ನು ಕಟ್ಟಿಕೊಂಡು ಹೋಗುವವನು ಪೆಟ್ರೋಲಿನ ಮೇಲೆ ರಸ್ತೆಯ ಉಪಕರವನ್ನು ಕೊಡುತ್ತಲೇ ಇರುತ್ತಾನೆ. ಅಪಾಯವನ್ನು ತಂದುದು ವೇಗ. ಪಕ್ಕಕ್ಕೆ ಸರಿದವನು ನಿಧಾನದವನು. ಅವನ ಪ್ರಾಣಕ್ಕಾಗಿಯೇ ಅವನನ್ನು ಸರಿಸಿದ್ದಾದರೆ, ಅವನಿಗೆ ಉಳಿದ ಪಕ್ಕದ ರಸ್ತೆಯು ನಡುರಸ್ತೆಯಷ್ಟೇ ಸಮವಾಗಿಯೂ, ಎಡೆಬಿಡದೆಯೂ, ದೀಪವುಳ್ಳದ್ದಾಗಿಯೂ ಇರಬೇಕೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಬಹು ಜನರ ಹಿತಕ್ಕಾಗಿ ಕೆಲವರು ಕಷ್ಟವನ್ನು ಸಹಿಸಬೇಕಾಗುವುದು ಲೋಕದ ನಿಯಮ. ಕೆರೆಯನ್ನು ಕಟ್ಟಿದಾಗ ಕೆಲವರ ಹೊಲ ಮುಳುಗಿತು, ರೈಲು ಬಂದಾಗ ಬಂಡಿಯವರ ಬಾಡಿಗೆ ಹೋಯಿತು. ಹಾಗೆಂದು ಕೆರೆಯನ್ನೂ ರೈಲನ್ನೂ ಬೇಡವೆನ್ನಬಹುದೆ? ಅತ್ಯಂತ ಹೆಚ್ಚು ಜನರ ಅತ್ಯಂತ ಹೆಚ್ಚು ಸುಖವೇ ನೀತಿಯ ಅಳತೆಯೆಂದು ಆಂಗ್ಲ ತತ್ತ್ವಜ್ಞನಾದ ಬೆಂಥಾಮನೇ ಮೊದಲಾದವರು ವಾದಿಸಿರುವರಷ್ಟೆ.

ಈ ವಾದದಲ್ಲಿ ಬಲವುಂಟು. ಆದರೆ ಒಂದು ಭೇದವನ್ನು ಅದು ಮರೆಯುತ್ತದೆ. ತ್ಯಾಗವೇ ಬೇರೆ, ಬಲಿಯೇ ಬೇರೆ. ತ್ಯಾಗ ಮಾಡುವವನು ತಾನಾಗಿ ಕೊಡುತ್ತಾನೆ, ಬಲಿಯಾಗುವವನಿಂದ ತೆಗೆದುಕೊಳ್ಳಲಾಗುತ್ತದೆ. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ನಷ್ಟವು ಒಂದೇ; ಕೊಟ್ಟವನಿಗೂ ಪಡೆದವನಿಗೂ ನಡುವೆ ಉಳಿಯುವ ಸಂಬಂಧವು ಮಾತ್ರ ಬೇರೆ. ದಾರಿಯಲ್ಲಿ ಒಬ್ಬನು ನಮಗಾಗಿ ಪಕ್ಕಕ್ಕೆ ಸರಿದರೆ ನಾವು ತಲೆಬಾಗಿ ಮುಂದೆ ಹೋಗುತ್ತೇವೆ. ಅಲ್ಲಿ ಒಂದು ಋಣವು ಹುಟ್ಟುತ್ತದೆ. ತಳ್ಳಿಕೊಂಡು ಹೋದರೆ ಋಣವು ಇಲ್ಲವಾಗುವುದಿಲ್ಲ. ಅದನ್ನು ನಾವು ಒಪ್ಪಿಕೊಳ್ಳುವುದಿಲ್ಲ, ಅಷ್ಟೆ. ಬಹು ಜನರ ಲಾಭವನ್ನು ಕೂಡಿಸಿ ಕೆಲವರ ನಷ್ಟವನ್ನು ಕಳೆದರೆ ಉಳಿಯುವ ಮೊತ್ತವು ದೊಡ್ಡದಾಗಿರಬಹುದು. ಆದರೆ ನಷ್ಟವು ಯಾರ ಹೆಗಲ ಮೇಲೆ ಬಿದ್ದಿತೋ ಅವನಿಗೆ ಆ ಮೊತ್ತದಲ್ಲಿ ಪಾಲಿಲ್ಲದಿದ್ದರೆ, ಲೆಕ್ಕವು ಮುಗಿಯಿತೆಂದು ಹೇಳುವ ಅಧಿಕಾರವು ಲಾಭ ಪಡೆದವನಿಗಿಲ್ಲ.

ಅದಂತಿರಲಿ. ಯಾವ ಸುಖಕ್ಕಾಗಿ ಇವರು ಸರಿದರೋ ಆ ಸುಖವಾದರೂ ನಿಲ್ಲುವುದೆ? ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ಎಂಬವರು ೧೯೨೦ರಲ್ಲಿ ಎರಡು ರಸ್ತೆಗಳ ಒಂದು ದೃಷ್ಟಾಂತವನ್ನು ಕೊಟ್ಟರು: ಪ್ರತಿಯೊಬ್ಬನೂ ತನಗೆ ಅನುಕೂಲವಾದ ಒಳ್ಳೆಯ ರಸ್ತೆಯನ್ನೇ ಹಿಡಿದರೆ, ಆ ರಸ್ತೆಯು ತುಂಬಿ ಕೆಟ್ಟ ರಸ್ತೆಯಷ್ಟೇ ನಿಧಾನವಾಗುವುದು, ತಾನು ಮತ್ತೊಬ್ಬರನ್ನು ತಡಮಾಡಿಸುತ್ತಿರುವೆನೆಂಬುದನ್ನು ಯಾರೂ ಎಣಿಸುವುದಿಲ್ಲ. ೧೯೬೨ರಲ್ಲಿ ಅಮೆರಿಕದ ಆಂಥೋನಿ ಡೌನ್ಸ್ ಎಂಬವರು, ದೊಡ್ಡ ನಗರದ ವೇಗದ ರಸ್ತೆಗಳಲ್ಲಿ ಜನಸಂದಣಿಯ ಹೊತ್ತಿನ ಒತ್ತಡವು ರಸ್ತೆಯ ಅಗಲವನ್ನು ತುಂಬುವಷ್ಟು ಬೆಳೆಯುವುದೆಂದು ಹೇಳಿದರು. ೨೦೧೧ರಲ್ಲಿ ಡುರಾಂಟನ್, ಟರ್ನರ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ನಗರಗಳ ಅಂಕಿಗಳನ್ನು ಪರಿಶೀಲಿಸಿ, ಹೆದ್ದಾರಿಯು ಹೆಚ್ಚಿದ ಪ್ರಮಾಣದಲ್ಲಿಯೇ ಅದರ ಮೇಲಿನ ಓಡಾಟವೂ ಹೆಚ್ಚುವುದನ್ನು ತೋರಿಸಿದರು. ಇದಕ್ಕಾಗಿ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚನ್ನಪಟ್ಟಣದಿಂದ ಕೆಂಗೇರಿಯವರೆಗೆ ಹಾರಿಕೊಂಡು ಹೋದ ಬಸ್ಸು ಅಲ್ಲಿಂದ ಮುಂದೆ ಆಮೆಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಿರ್ಸಿ ವೃತ್ತದಿಂದ ಮಾರುಕಟ್ಟೆಯವರೆಗಿನ ಮೇಲ್ಸೇತುವೆಯು ೧೯೯೯ರಲ್ಲಿ ತೆರೆದಾಗ ಮೈಸೂರು ರಸ್ತೆಯ ಕಷ್ಟವು ಕಳೆಯಿತೆಂದು ಎಲ್ಲರೂ ಹಿಗ್ಗಿದರು; ಇಂದು ಆ ಸೇತುವೆಯ ಮೇಲೆಯೇ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು ಹದಿನೇಳು ಕಿಲೋಮೀಟರಿನ ಸುರಂಗಮಾರ್ಗವು ಯೋಜಿತವಾಗಿದೆ. ಅದರ ಅಂದಾಜು ವೆಚ್ಚವು ಸುಮಾರು ಹದಿನೇಳು ಸಾವಿರ ಕೋಟಿ ರೂಪಾಯಿ. ರಸ್ತೆಯಿಂದ ಪ್ರಯೋಜನವೇ ಇಲ್ಲವೆಂದು ಇದರ ಅರ್ಥವಲ್ಲ. ಹೆಚ್ಚು ಜನರು ಹೆಚ್ಚು ದೂರ ಓಡಾಡುವುದೂ ಒಂದು ಪ್ರಯೋಜನವೇ. ಆದರೆ ‘ಒತ್ತಡವು ತೀರುವುದು’ ಎಂಬ ಮಾತನ್ನು ಕೊಟ್ಟು ಒಬ್ಬನನ್ನು ಸರಿಸಿದ ಮೇಲೆ, ಆ ಒತ್ತಡವು ಹತ್ತು ವರ್ಷಗಳಲ್ಲಿ ಮರಳಿ ಬಂದರೆ, ಸರಿದವನಿಗೆ ನಾವು ಏನು ಹೇಳಬೇಕು?

ನಿಮಿಷಗಳನ್ನು ಇಷ್ಟು ಎಚ್ಚರಿಕೆಯಿಂದ ಎಣಿಸುವ ಲೆಕ್ಕವು ವರ್ಷಗಳನ್ನು ಮರೆಯುವುದಕ್ಕೆ ಒಂದು ನಿದರ್ಶನವನ್ನು ಕೊಡಬೇಕು. ಬೆಂಗಳೂರಿನ ಹೊರಗಿನ ದೊಡ್ಡ ವರ್ತುಲ ರಸ್ತೆಗೆಂದು, ಸುಮಾರು ೭೩ ಕಿಲೋಮೀಟರು ಉದ್ದಕ್ಕೆ ಬೇಕಾದ ಜಮೀನುಗಳ ಬಗ್ಗೆ ೨೦೦೫ರಲ್ಲಿ ಮೊದಲ ಪ್ರಕಟಣೆಯೂ ೨೦೦೭ರಲ್ಲಿ ಅಂತಿಮ ಪ್ರಕಟಣೆಯೂ ಹೊರಟುವು. ಅಲ್ಲಿಂದ ಮುಂದೆ ಸರ್ಕಾರಗಳು ಬದಲಾದುವು, ಅಂದಾಜುಗಳು ಬೆಳೆದುವು, ಯೋಜನೆಗೆ ಹೊಸ ಹೆಸರೂ ಬಂದಿತು. ೨೦೨೫ರಲ್ಲಿ ರಸ್ತೆಯ ಅಗಲವನ್ನು ನೂರು ಮೀಟರಿನಿಂದ ಅರುವತ್ತೈದಕ್ಕೆ ಇಳಿಸಿ, ಪರಿಹಾರಕ್ಕೆ ಬೇರೆ ಬೇರೆ ಬಗೆಗಳನ್ನು ಸೂಚಿಸಿದರು. ಈ ಹದಿನೆಂಟು ಇಪ್ಪತ್ತು ವರ್ಷಗಳ ಕಾಲ ಆ ಜಮೀನಿನವರ ಪಾಡೇನು? ಭೂಮಿಯು ಅವರದು, ಆದರೆ ಸರಿಯಾದ ಬೆಲೆಗೆ ಮಾರಲಾರರು, ಅದರ ಮೇಲೆ ಮನೆ ಕಟ್ಟಲಾರರು, ಮಗಳ ಮದುವೆಗೆಂದು ಸಾಲವೆತ್ತಲಾರರು. ಪ್ರಕಟಣೆಯ ದಿನ ತೊಟ್ಟಿಲಲ್ಲಿದ್ದ ಮಗು ಈಗ ಕಾಲೇಜಿನಲ್ಲಿದೆ. ಕಾರಿನವನ ಹತ್ತು ನಿಮಿಷಕ್ಕೆ ಬೆಲೆ ಕಟ್ಟುವ ಶಾಸ್ತ್ರವು ಈ ಇಪ್ಪತ್ತು ವರ್ಷಕ್ಕೆ ಏಕೆ ಬೆಲೆ ಕಟ್ಟಬಾರದು? ಕಾಲವು ಹಣವೆಂಬುದು ನಿಜವಾದರೆ ಅದು ಎಲ್ಲರ ವಿಷಯದಲ್ಲಿಯೂ ನಿಜವಾಗಬೇಕು.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. ೧೮೯೪ರ ಹಳೆಯ ಭೂಸ್ವಾಧೀನ ಕಾಯಿದೆಯ ಬದಲು ೨೦೧೩ರಲ್ಲಿ ಹೊಸ ಕಾಯಿದೆಯು ಬಂದು, ಭೂಮಿಯನ್ನು ತೆಗೆದುಕೊಳ್ಳುವ ಮೊದಲು ಆ ಊರಿನ ಜೀವನದ ಮೇಲೆ ಏನು ಪರಿಣಾಮವಾಗುವುದೆಂಬುದನ್ನು ಊರಿನವರ ಮುಂದೆಯೇ ವಿಚಾರಿಸಬೇಕೆಂದು ವಿಧಿಸಿತು. ಜಮೀನಿಲ್ಲದೆ ಆ ಜಮೀನನ್ನು ನಂಬಿ ಬದುಕುವವರನ್ನೂ ಅದು ಬಾಧಿತರೆಂದು ಎಣಿಸಿತು. ಇದು ದೊಡ್ಡ ಮಾತು. ಆದರೆ ೧೯೫೬ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಮೂಲಕ ತೆಗೆದುಕೊಳ್ಳುವ ಭೂಮಿಗೆ ೨೦೧೫ರಿಂದ ಆ ಹೊಸ ಕಾಯಿದೆಯ ಪರಿಹಾರದ ನಿಯಮಗಳು ಮಾತ್ರ ಅನ್ವಯಿಸಿದುವು. ಊರಿನ ಮೇಲಿನ ಪರಿಣಾಮವನ್ನು ಮುಂಚೆಯೇ ವಿಚಾರಿಸುವ ಭಾಗವು ಅನ್ವಯಿಸಲಿಲ್ಲ. ಹಣವನ್ನು ಕೊಡುವುದಕ್ಕೆ ಒಪ್ಪಿದರು, ಕೇಳುವುದಕ್ಕೆ ಒಪ್ಪಲಿಲ್ಲ. ಗೊಂಬೆಯ ಅಂಗಡಿಯವರ ಒಂದಂಗುಲ ನೆಲವೂ ಹೆದ್ದಾರಿಗೆ ಹೋಗಿಲ್ಲವಾದುದರಿಂದ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಇರುವಂತಿಲ್ಲ. ಹೋದುದು ಅವರ ನೆಲವಲ್ಲ, ಅದರ ಮುಂದೆ ಹರಿಯುತ್ತಿದ್ದ ಲೋಕ.

ಹಾಗಾದರೆ ರಸ್ತೆಗಳು ಬಾಗುವುದೇ ಇಲ್ಲವೆ? ನಮ್ಮ ಜಿಲ್ಲೆಯಲ್ಲಿಯೇ ಒಂದು ರಸ್ತೆಯು ಬಾಗಿತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೂ ಕುದೂರಿಗೂ ನಡುವೆ ತಿಮ್ಮಕ್ಕನೂ ಆಕೆಯ ಗಂಡ ಚಿಕ್ಕಯ್ಯನೂ ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು ಬೆಳೆಸಿದ ೩೮೫ ಆಲದ ಮರಗಳ ಸಾಲು ಲೋಕಪ್ರಸಿದ್ಧವಾದುದು. ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ೨೦೧೯ರಲ್ಲಿ ಆ ಮರಗಳಿಗೆ ಕುತ್ತು ಬಂದಿತು. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದಿದ್ದ ಸಾಲುಮರದ ತಿಮ್ಮಕ್ಕನವರು ಸರ್ಕಾರದ ಬಾಗಿಲಿಗೆ ಹೋಗಿ ಮಕ್ಕಳಂಥ ಮರಗಳನ್ನು ಉಳಿಸಬೇಕೆಂದು ಕೇಳಿದರು. ಸರ್ಕಾರ ಒಪ್ಪಿತು, ಮರಗಳನ್ನು ಉಳಿಸಿಕೊಂಡು ಬೇರೆ ಮಾರ್ಗವನ್ನು ನೋಡಬೇಕೆಂದು ಅಧಿಕಾರಿಗಳಿಗೆ ಹೇಳಿತು. ೨೦೨೫ರ ನವೆಂಬರಿನಲ್ಲಿ ಆ ತಾಯಿ ತೀರಿಕೊಂಡರು. ನಕ್ಷೆಯ ಮೇಲಿನ ಗೆರೆಯು ವಿಧಿಯ ಗೆರೆಯಲ್ಲವೆಂಬುದು ಈ ಸಂಗತಿಯಿಂದ ಸಿದ್ಧವಾಯಿತು. ಕೇಳುವವರ ಮುಖವು ಕಂಡಾಗ ಎಂಜಿನಿಯರರ ಗೆರೆಯೂ ಬಾಗುತ್ತದೆ. ಆದರೆ ಇಲ್ಲಿಯೇ ಒಂದು ವಿಷಾದವೂ ಇದೆ. ಅವೇ ಮರಗಳನ್ನು ಹೆಸರಿಲ್ಲದ ಮುದುಕಿಯೊಬ್ಬಳು ನೆಟ್ಟಿದ್ದರೆ ಉಳಿಯುತ್ತಿದ್ದುವೆ? ಕೀರ್ತಿಯುಳ್ಳವರಿಗೆ ಮಾತ್ರ ದಾರಿ ಬಿಡುವುದಾದರೆ ಅದು ನ್ಯಾಯವಲ್ಲ, ಮರ್ಯಾದೆ.

ಕೇಳುವುದನ್ನು ಒಂದು ಪದ್ಧತಿಯಾಗಿ ಮಾಡಬಹುದೆಂಬುದಕ್ಕೆ ಹೊರಗಿನ ಒಂದು ಉದಾಹರಣೆಯು ಸಾಕು. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಒತ್ತಡವನ್ನು ತಗ್ಗಿಸಲು, ನಗರದ ನಡುಭಾಗವನ್ನು ಪ್ರವೇಶಿಸುವ ವಾಹನಗಳ ಮೇಲೆ ತೆರಿಗೆಯನ್ನು ಹಾಕಬೇಕೆಂದು ಯೋಚಿಸಿದರು. ಜನರು ಬಹುಮಟ್ಟಿಗೆ ವಿರೋಧಿಸಿದರು. ಆಗ ೨೦೦೬ರ ಜನವರಿಯಿಂದ ಜುಲೈವರೆಗೆ ಏಳು ತಿಂಗಳ ಮಟ್ಟಿಗೆ ಪರೀಕ್ಷಾರ್ಥವಾಗಿ ಅದನ್ನು ನಡೆಸಿ, ಬಸ್ಸುಗಳನ್ನು ಹೆಚ್ಚಿಸಿ, ಆಮೇಲೆ ತೆರಿಗೆಯನ್ನು ನಿಲ್ಲಿಸಿಬಿಟ್ಟರು. ವಾಹನಗಳ ಸಂಚಾರವು ಸುಮಾರು ಐದನೆಯ ಒಂದು ಭಾಗದಷ್ಟು ಇಳಿದುದನ್ನು ಜನರೇ ಕಣ್ಣಾರೆ ಕಂಡಿದ್ದರು. ಸೆಪ್ಟೆಂಬರಿನಲ್ಲಿ ನಗರದ ಜನರ ಮತವನ್ನು ಕೇಳಿದಾಗ ಹೆಚ್ಚು ಮಂದಿ ಬೇಕೆಂದರು. ೨೦೦೭ರಿಂದ ಅದು ಸ್ಥಿರವಾಯಿತು. ಅಲ್ಲಿಯೂ ಸುತ್ತಲಿನ ಊರುಗಳವರ ಮತವು ನಗರದ ಮತಕ್ಕೆ ಸಮನಾಗಿ ಎಣಿಕೆಗೆ ಬರಲಿಲ್ಲವೆಂಬ ದೂರು ಉಂಟು. ನಗರದ ಸುತ್ತ ಇರುವವರ ಹಣೆಬರಹವು ಎಲ್ಲ ಕಡೆಯೂ ಒಂದೇ ಎಂದು ತೋರುತ್ತದೆ. ಆದರೂ ಮೊದಲು ಮಾಡಿ ತೋರಿಸಿ, ಆಮೇಲೆ ಕೇಳಿ, ಒಪ್ಪಿದ ಮೇಲೆ ನಿಲ್ಲಿಸಿದ ಆ ಕ್ರಮವು ಅನುಕರಣೀಯವಾದುದು. ಅಲ್ಲಿ ಹಣವನ್ನು ತೆತ್ತವನು ಒತ್ತಡವನ್ನು ಉಂಟುಮಾಡಿದವನೇ ಆಗಿದ್ದನೆಂಬುದನ್ನೂ ಮರೆಯಬಾರದು.

ಹಾಗಾದರೆ ನಮ್ಮ ಸಿದ್ಧಾಂತವೇನು? ರಸ್ತೆಯನ್ನು ಕಟ್ಟಬಾರದೆಂದಲ್ಲ. ಕಟ್ಟುವ ಮೊದಲು ಪಕ್ಕಕ್ಕೆ ಸರಿಯಬೇಕಾದವರು ಯಾರು ಯಾರೆಂಬುದನ್ನು, ನೆಲವುಳ್ಳವರನ್ನು ಮಾತ್ರವಲ್ಲದೆ ಅಂಗಡಿಯವರನ್ನೂ, ದಾಟುವವರನ್ನೂ, ಕಾಯುವವರನ್ನೂ ಸೇರಿಸಿ, ಬರೆದಿಡತಕ್ಕದ್ದು. ಉಳಿಯುವ ನಿಮಿಷಗಳ ಪಕ್ಕದಲ್ಲಿಯೇ ಹೋಗುವ ವರ್ಷಗಳನ್ನೂ ಬರೆಯತಕ್ಕದ್ದು. ಅವರನ್ನು ಅವರ ಊರಿನಲ್ಲಿಯೇ, ಅವರಿಗೆ ತಿಳಿಯುವ ಮಾತಿನಲ್ಲಿ, ಗೆರೆಯನ್ನು ಎಳೆಯುವ ಮೊದಲು ಕೇಳತಕ್ಕದ್ದು. ಎಳೆದಾದ ಮೇಲೆ ಕೇಳುವುದು ಕೇಳಿದಂತಲ್ಲ. ಮತ್ತು ಸುಂಕದಿಂದ ಬರುವ ಹಣದ ಒಂದು ಭಾಗವು, ದಾರಿ ಬಿಟ್ಟ ಊರುಗಳ ಪೇಟೆಗೆ, ಬಸ್ಸಿನ ನಿಲ್ದಾಣಕ್ಕೆ, ದಾಟುವ ಸೇತುವೆಗೆ, ಹೆದ್ದಾರಿಯಿಂದ ಊರಿನೊಳಕ್ಕೆ ಬರುವ ಕೂಡುದಾರಿಗೆ, ವರ್ಷವರ್ಷವೂ ಮರಳಿ ಬರತಕ್ಕದ್ದು. ಇದನ್ನು ದಯೆಯೆಂದು ಕೊಡಬಾರದು; ಋಣವೆಂದು ತೀರಿಸಬೇಕು. ದಯೆಯಲ್ಲಿ ಕೊಡುವವನು ದೊಡ್ಡವನಾಗುತ್ತಾನೆ. ಋಣವನ್ನು ತೀರಿಸುವುದರಲ್ಲಿ ಇಬ್ಬರೂ ಸಮಾನರಾಗಿ ಉಳಿಯುತ್ತಾರೆ.

ಇಷ್ಟೂ ಸರ್ಕಾರವು ಮಾಡಬೇಕಾದ ಮಾತಾಯಿತು. ಆದರೆ ಓದುವ ಮನೆಗಳಲ್ಲಿರುವ ನಮ್ಮ ಪಾಲಿಗೆ ಏನೂ ಇಲ್ಲವೆ? ಸುಂಕದ ಕಟ್ಟೆಯಲ್ಲಿ ಹಣವು ಕಡಿತವಾದ ಕೂಡಲೆ ನಮ್ಮ ಬಾಧ್ಯತೆಯು ಮುಗಿಯಿತೆಂದು ನಾವು ತಿಳಿಯುತ್ತೇವೆ. ಆ ಹಣವು ಕಲ್ಲಿಗೂ ಡಾಂಬರಿಗೂ ಬೆಲೆಯಾಗಬಹುದೇ ಹೊರತು, ಪಕ್ಕಕ್ಕೆ ಸರಿದವನಿಗೆ ಅದರಿಂದ ಏನೂ ಸಲ್ಲಲಿಲ್ಲ. ನಮಗೆ ಬೇಕಾದ ರಸ್ತೆಯ ಪ್ರಸ್ತಾಪವು ಬಂದಾಗ ‘ಬೇಗ ಮುಗಿಸಿ’ ಎಂದು ಪತ್ರಿಕೆಗಳಿಗೆ ಬರೆಯುವ ನಾವು, ‘ಅಲ್ಲಿಯವರನ್ನು ಕೇಳಿದಿರಾ?’ ಎಂದು ಒಂದು ಸಾಲನ್ನೂ ಬರೆಯುವುದಿಲ್ಲ. ಮಗನ ಮನೆಗೆ ಹೋಗಲು ಉಳಿದ ಗಂಟೆಯನ್ನು ನಾನೂ ಸಂತೋಷದಿಂದಲೇ ತೆಗೆದುಕೊಂಡೆ. ಆ ಗಂಟೆಯು ಯಾರ ಕೈಯಿಂದ ಬಂದಿತೆಂದು ಅಂಗಡಿಯವರು ಮಾತನಾಡುವವರೆಗೆ ನನಗೆ ತೋಚಲಿಲ್ಲ.

ಅಂದು ಬಸ್ಸು ಬರುವುದು ತಡವಾಯಿತು. ಮೊಮ್ಮಗಳಿಗೆಂದು ಒಂದು ಕೆಂಪು ಕುದುರೆಯನ್ನು ಕೊಂಡೆ. ಅಂಗಡಿಯವರು ಬೆಲೆಯಲ್ಲಿ ಹತ್ತು ರೂಪಾಯಿ ಬಿಟ್ಟುಕೊಟ್ಟರು. ನಾನು ಬೇಡವೆಂದರೂ ಕೇಳಲಿಲ್ಲ. ಆ ಹತ್ತು ರೂಪಾಯಿಯೂ ಈಗ ನನ್ನ ಲೆಕ್ಕದಲ್ಲಿ ಸೇರಿದೆ.